ರಸ್ತೆ ಕೇಳೋಣ ಅಂದರೆ ಸದಸ್ಯರೇ ಇಲ್ಲ!

ಮಾನ್ಯರೇ,

ಮಂಡ್ಯ ತಾಲ್ಲೂಕಿನ ನಮ್ಮೂರಲ್ಲಿ ನಾಲೆ ಪಕ್ಕದ ರಸ್ತೆ ಕುಸಿದಿದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದರೆ ಟ್ರೈಲರ್ ನಾಲೆ ಕಡೆಗೆ ವಾಲುತ್ತದೆ. ಪಂಚಾಯಿತಿಯಲ್ಲಿ ಕೇಳಿದರೆ 'ಅಷ್ಟು ದುಡ್ಡಿಲ್ಲ, ಮೇಲೆ ಕೇಳಿ' ಅಂತಾರೆ.

ಅವರದ್ದೇ ಪೂರ್ತಿ ತಪ್ಪಲ್ಲ ಬಿಡಿ. ಮನೆ ಕಂದಾಯ, ನೀರಿನ ಕರದಲ್ಲಿ ಬರುವುದು ಚಿಲ್ಲರೆ ಕಾಸು. 2021–26ರ ಅವಧಿಗೆ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ಬಂದರೂ ಅದರಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದದ್ದರಲ್ಲಿ ಬೀದಿದೀಪವೂ ಆಗಬೇಕಿತ್ತು, ರಸ್ತೆಯೂ ಆಗಬೇಕಿತ್ತು.

ಸರಿ, ಮೇಲೆ ಯಾರನ್ನು ಕೇಳೋದು? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು ಅಂತ ಸಂವಿಧಾನದ 243ಇ ವಿಧಿಯೇ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಕಾರಣ ಕೇಳಿ ಕೇಳಿ ಸಾಕಾಗಿದೆ. 1987ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿದ ರಾಜ್ಯ ಇದು, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ನಾಡು ಅಲ್ವಾ?

ಅಧಿಕಾರಿಯ ಕೊಠಡಿ ಮುಂದೆ ಸುಮ್ನೆ ಕಾಯೋದಕ್ಕಿಂತ, ಸಂತೆಯಲ್ಲಿ ಸಿಕ್ಕಾಗ ನಿಲ್ಲಿಸಿ ಕೇಳಬಹುದಾದ ಸದಸ್ಯರು ನಮಗೆ ಬೇಕು. ಸರ್ಕಾರ ಮೊದಲು ಚುನಾವಣೆಯ ದಿನಾಂಕ ಹೇಳಲಿ.

– ಒಬ್ಬ ರೈತ, ಮಂಡ್ಯ