ಕಡಮತ್‌ನಿಂದ ಬಂದ ಮೇಲೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಈ ಬೇಸಿಗೆಯಲ್ಲಿ ಲಕ್ಷದ್ವೀಪದ ಕಡಮತ್‌ಗೆ ಹೋಗಿ ಬಂದೆನೆಂದು ಫೋನಿನಲ್ಲಿ ಹೇಳಿದಾಗ, ಹವಳ, ಆಮೆ, ನೀಲಿ ನೀರು ಬಿಟ್ಟರೆ ಅಲ್ಲಿ ಮತ್ತೇನಿದೆ ಎಂದು ನೀನು ಕೇಳಿದೆ. ಮಂಗಳೂರಿನ ಬಂದರಿನಲ್ಲಿ ಕತ್ತದ, ಅಂದರೆ ತೆಂಗಿನ ನಾರಿನ ಹುರಿಯ, ವ್ಯಾಪಾರ ಮಾಡಿದ ಮನೆತನದವನಾದ ನೀನೇ ಹೀಗೆ ಕೇಳಿದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮಂಗಳೂರಿನಿಂದ ಕಡಮತ್‌ಗೆ ಸಮುದ್ರದ ಮೇಲೆ ನೇರ ದೂರ ಸುಮಾರು 300 ಕಿಲೋಮೀಟರ್; ಕೊಚ್ಚಿಯಿಂದ 400 ದಾಟುತ್ತದೆ. ಆದರೂ ನಾನು ಪ್ರವೇಶದ ಪರವಾನಗಿ ಪಡೆದು, ರೈಲಿನಲ್ಲಿ ಕೊಚ್ಚಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿದೆ. ರಾತ್ರಿಯ ಪ್ರಯಾಣದಲ್ಲಿ ಹೊಟ್ಟೆ ತೊಳಸಿದ್ದನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ಹಡಗಿನಿಂದ ಇಳಿಯುವುದೇ ದೊಡ್ಡ ಕೆಲಸ. ಹವಳದ ದಿಬ್ಬ ಅಡ್ಡವಿರುವುದರಿಂದ ಹಡಗು ಹೊರಗಡಲಿನಲ್ಲೇ ಲಂಗರು ಹಾಕಿತು; ದ್ವೀಪದಿಂದ ಬಂದ ಯಂತ್ರದ ದೋಣಿ ಅದರ ಬದಿಯ ಬಾಗಿಲಿಗೆ ಒತ್ತಿ ನಿಂತಿತು. ತೆರೆ ಎದ್ದಾಗ ದೋಣಿಯ ಅಂಚು ನಮ್ಮ ಮೊಣಕಾಲಿನ ಮಟ್ಟಕ್ಕೆ ಬರುತ್ತಿತ್ತು, ಇಳಿದಾಗ ಆಳೆತ್ತರದಷ್ಟು ಕೆಳಕ್ಕೆ ಹೋಗುತ್ತಿತ್ತು. ದೋಣಿಯವರಿಬ್ಬರು ತೋಳು ಹಿಡಿದು, ತೆರೆ ಮೇಲೇರುವ ಕ್ಷಣವನ್ನೇ ಕಾದು, ಒಬ್ಬೊಬ್ಬರನ್ನಾಗಿ ತಮ್ಮತ್ತ ಎಳೆದುಕೊಂಡರು. ನನ್ನ ಮುಂದಿದ್ದ ತಾಯಿಯ ಕೈಗೂಸು, ಅಕ್ಕಿಯ ಚೀಲ, ಒಂದು ಫ್ಯಾನು, ಎಲ್ಲವೂ ಕೈಯಿಂದ ಕೈಗೆ ಹೀಗೆಯೇ ದಾಟಿದವು. ಅಲ್ಲಿಯವರಿಗೆ ಅದು ಬಸ್ಸಿನಿಂದ ಇಳಿದಷ್ಟೇ ಸಹಜ.

ದ್ವೀಪ ಒಂಬತ್ತು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದವಿದೆ, ಅಗಲ ಅರ್ಧ ಕಿಲೋಮೀಟರಿನ ಆಸುಪಾಸು. 2011ರ ಜನಗಣತಿಯಂತೆ ಸುಮಾರು 5,400 ಜನರಿದ್ದಾರೆ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗಿನ ಪದರವಾಗಿ ತೇಲುತ್ತಿರುತ್ತದೆ; ಬಾವಿಗೆ ಪಂಪು ಹಾಕಿ ಮಿತಿಮೀರಿ ಎಳೆದರೆ ಉಪ್ಪು ಮೇಲೇರುತ್ತದೆ. ಬೇಸಿಗೆಯ ಕೊನೆಯಲ್ಲಿ ಅಲ್ಲಿ ನೀರು ಸೇದುವ ಕೊಡಕ್ಕೂ ಲೆಕ್ಕವಿದೆ.

ಈಗ ನಿನ್ನ ಕತ್ತದ ವಿಷಯಕ್ಕೆ ಬರುತ್ತೇನೆ. ದಡದ ಮರಳಿನಲ್ಲಿ ಗುಂಡಿ ತೋಡಿ, ತೆಂಗಿನ ಸಿಪ್ಪೆ ಹೂತು, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಯಿಸಿ, ಮರದ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಾರೆ. ಒಬ್ಬ ಅಜ್ಜಿ ಜಗಲಿಯಲ್ಲಿ ಕುಳಿತು, ಮಾತಾಡುತ್ತಲೇ, ಎರಡು ಎಳೆಗಳನ್ನು ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಿದ್ದರು. ಕಣ್ಣು ಒಮ್ಮೆಯೂ ಕೈಯತ್ತ ಹೋಗಲಿಲ್ಲ. ಹಿಂದೆ ಅದೇ ಹುರಿಯಿಂದ ಹಲಗೆಗಳನ್ನು ಹೊಲಿದು ಓಡವೆಂಬ ದೋಣಿ ಕಟ್ಟಿ, ಅದೇ ಹುರಿಯನ್ನು ಅದರಲ್ಲಿ ತುಂಬಿ ಮಂಗಳೂರಿಗೆ ತರುತ್ತಿದ್ದರು, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು.

ಅದು ಬರೀ ವ್ಯಾಪಾರವಾಗಿರಲಿಲ್ಲ. ಆಗ ಈ ದ್ವೀಪಗಳನ್ನು ಆಳುತ್ತಿದ್ದ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿ ನೊಂದ, ಪಕ್ಕದ ಅಮಿನಿ ದ್ವೀಪದ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಮಾತುಕತೆಯ ನಂತರ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಅವನ ವಶಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಕಂಪನಿಯ ಪಾಲಾದರೂ ಆಡಳಿತ ಮಂಗಳೂರಿನಿಂದಲೇ ನಡೆಯಿತು. ಕತ್ತವನ್ನು ಸರ್ಕಾರಕ್ಕೇ ಮಾರಬೇಕೆಂಬ ಕಟ್ಟಳೆಯೂ ಇತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಆ ದಿನವನ್ನು ನಾವು ವರ್ಷವರ್ಷವೂ ಆಚರಿಸುತ್ತೇವೆ. ನಮ್ಮ ಜಿಲ್ಲೆಯಿಂದ ಅಂದು ಐದು ದ್ವೀಪಗಳು ಬೇರೆಯಾದುದನ್ನು ಶಾಲೆಯಲ್ಲಿ ಯಾರೂ ನಮಗೆ ಹೇಳಲಿಲ್ಲ. ಆಡಳಿತ ಬದಲಾದದ್ದರ ಬಗ್ಗೆ ನನ್ನ ತಕರಾರಿಲ್ಲ, ಇಷ್ಟು ಬೇಗ ಮರೆತದ್ದು ಮಾತ್ರ ಸರಿಯೆನಿಸುವುದಿಲ್ಲ.

ದ್ವೀಪದವರು ಮರೆತಂತಿಲ್ಲ. ಊರು ಯಾವುದೆಂದು ಕೇಳಿದ ಅಂಗಡಿಯವರು, ಮಂಗಳೂರೆಂದ ಕೂಡಲೇ, ಬಂದರಿನ ಧಕ್ಕೆಯಿಂದ ಮಂಜಿ (ಸರಕು ಸಾಗಿಸುವ ದೋಣಿ) ಹೊರಟಿತೇ ಎಂದು ವಿಚಾರಿಸಿದರು. ತರಕಾರಿ, ಅಕ್ಕಿ, ಸಿಮೆಂಟು, ಜಲ್ಲಿ ಇಂದಿಗೂ ಹಳೆ ಬಂದರಿನಿಂದ ಮಂಜಿಗಳಲ್ಲಿ ಲಕ್ಷದ್ವೀಪಕ್ಕೆ ಹೋಗುತ್ತವೆ, ಮಳೆಗಾಲದಲ್ಲಿ ಮಾತ್ರ ನಿಲ್ಲುತ್ತವೆ. ನೀನು ದಿನವೂ ಆ ದಾರಿಯಲ್ಲಿ ಓಡಾಡುವವನು; ಒಮ್ಮೆ ಧಕ್ಕೆಗಿಳಿದು ಯಾವ ಮಂಜಿ ಯಾವ ದ್ವೀಪದ್ದೆಂದು ವಿಚಾರಿಸಿ ಬರೆ. ನಿಮ್ಮ ಅಜ್ಜನ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿ ಇನ್ನೂ ಇವೆಯೆಂದಿದ್ದೆಯಲ್ಲ, ಅವುಗಳಲ್ಲಿ ಕಡಮತ್‌ನ ಹೆಸರುಗಳಿದ್ದರೆ ಆ ಪುಟಗಳ ಫೋಟೊ ಕಳುಹಿಸು. ಆ ಅಜ್ಜಿಯ ಮಗನಿಗೆ ತೋರಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.

ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಗೆಳೆಯ