ಸಾಲ್ವಡಾರ್‌ಗೆ ಹೊರಟ ಪುಟ್ಟಿಗೆ

ಕುಂದಾಪುರ

ಪ್ರೀತಿಯ ಪುಟ್ಟಿ,

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ನೀನು ಆಫೀಸಿನ ಗೆಳತಿಯ ಜೊತೆ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಬ್ರೆಜಿಲ್‌ಗೆ ಹೊರಟಿದ್ದೀಯಂತೆ. ಮೊದಲು ಸಾಲ್ವಡಾರ್ ಊರಿನ ಕಾರ್ನಿವಲ್ ಎಂಬ ಬೀದಿ ಹಬ್ಬ, ಆಮೇಲೆ ಸಮುದ್ರದ ಬದಿಯ ಸಣ್ಣ ಊರು. "ನೀನಾದರೂ ಬೇಡ ಅನ್ನು" ಎಂದಳು ಅಕ್ಕ. ನಾನು ಹಾಗೆ ಹೇಳುವವಳಲ್ಲ ಎಂದು ಅವಳಿಗೂ ಗೊತ್ತು. 2011ರಲ್ಲಿ, ಸಾವೊ ಪೌಲೊದಲ್ಲಿ ಕೆಲಸದಲ್ಲಿದ್ದಾಗ, ನಾನೂ ಹೀಗೇ ಒಬ್ಬ ಗೆಳತಿಯ ಜೊತೆ ಅದೇ ದಾರಿ ಹಿಡಿದಿದ್ದೆ. ಆ ಹತ್ತು ದಿನಗಳಲ್ಲಿ ನಾನು ಕಂಡ ಸಂತೋಷ ದೊಡ್ಡದು. ಮಾಡಿದ ಒಂದು ತಪ್ಪು ಕೂಡ ದೊಡ್ಡದೇ. ಫೋನಿನಲ್ಲಿ ಹೇಳಿದರೆ "ಹೂಂ ಚಿಕ್ಕಮ್ಮ" ಎಂದು ಮರೆತುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ತಪ್ಪಿನಿಂದಲೇ ಶುರು ಮಾಡ್ತೇನೆ.

ನಾನೂ ಆ ಗೆಳತಿಯೂ ಎರಡು ವರ್ಷ ಒಂದೇ ಮನೆಯಲ್ಲಿ ಇದ್ದವರು. ಒಂದು ದಿನವೂ ದೊಡ್ಡ ಮಾತು ಬಂದಿರಲಿಲ್ಲ. ಪ್ರವಾಸದಲ್ಲಿ ಬರಬಹುದು ಎಂದು ಯೋಚಿಸಿಯೂ ಇರಲಿಲ್ಲ. ಶನಿವಾರ ರಾತ್ರಿ ಬಾರಾ ಎಂಬ ಕಡೆ, ಕಡಲ ದಂಡೆಯ ರಸ್ತೆಯಲ್ಲಿದ್ದೆವು. ಅಲ್ಲಿ ದೊಡ್ಡ ಲಾರಿಗಳ ಮೇಲೆ ಸ್ಪೀಕರ್ ಗೋಡೆ ಕಟ್ಟಿ, ಮೇಲೆ ನಿಂತು ಹಾಡುತ್ತಾ ನಿಧಾನ ಹೋಗುತ್ತಾರೆ. ಅದಕ್ಕೆ ಟ್ರಿಯೊ ಎಲೆಟ್ರಿಕೊ ಅನ್ನುತ್ತಾರೆ. 1950ರಲ್ಲಿ ಡೊಡೊ, ಓಸ್ಮಾರ್ ಎಂಬ ಇಬ್ಬರು ಗೆಳೆಯರು 1929ರ ಹಳೇ ಫೋರ್ಡ್ ಕಾರಿನ ಮೇಲೆ ವಾದ್ಯ ಇಟ್ಟುಕೊಂಡು ಬೀದಿಗೆ ಇಳಿದದ್ದೇ ಅದರ ಶುರು. ಅವತ್ತು ಒಂದು ಟ್ರಿಯೊ ಹಿಂದೆ ನಾವು ಎರಡು ಗಂಟೆ ನಡೆದಿದ್ದೆವು. ಗೆಳತಿಗೆ ಸುಸ್ತಾಗಿತ್ತು. ರೂಮಿಗೆ ಹೋಗೋಣ ಎಂದಳು. ನನಗೆ ಕುಣಿತ ನಿಲ್ಲಿಸಲು ಮನಸ್ಸಿರಲಿಲ್ಲ. "ಇಷ್ಟು ದೂರ ಬಂದಿದ್ದು ಮಲಗೋದಕ್ಕಾ?" ಎಂದೆ. ಅವಳು ಏನೋ ಅಂದಳು, ನಾನೂ ಅಂದೆ. ಅವಳು ತಿರುಗಿ ಹೊರಟಳು. ನಾನು ಹೋಗಲಿ ಎಂದು ಬಿಟ್ಟೆ.

ಕಳ್ಳರ ಹೆದರಿಕೆಗೆ ಇಬ್ಬರೂ ಫೋನ್ ರೂಮಿನಲ್ಲೇ ಇಟ್ಟಿದ್ದೆವು. ರೂಮಿನ ಚಾವಿ ನನ್ನ ಸೊಂಟದ ಚೀಲದಲ್ಲಿತ್ತು. ಅದು ಅವಳಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ನಾನು ಹೋದಾಗ ಅವಳು ಹಾಸ್ಟೆಲ್‌ನ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲಿಗೆ ಒರಗಿ ಕೂತಿದ್ದಳು. ಎದುರುಗಡೆ ಕುಡಿದವರ ಗುಂಪೊಂದು ಇತ್ತು. ಅವಳಿಗೆ ಏನೂ ಆಗಲಿಲ್ಲ. ಆಗಿದ್ದರೆ? ಹದಿನೈದು ವರ್ಷ ಆದರೂ ಆ ಮೆಟ್ಟಿಲು ಕಣ್ಣಿಗೆ ಕಟ್ಟಿದ ಹಾಗಿದೆ. ಪೋರ್ಚುಗೀಸ್‌ನಲ್ಲೂ ಕೀಲಿಗೆ 'ಶಾವಿ' ಅಂತಲೇ ಅನ್ನುತ್ತಾರೆ. ನಮ್ಮ ಕರಾವಳಿಗೆ ಆ ಪದ ಬಂದದ್ದೇ ಅವರಿಂದ. ಈಗಲೂ ಮನೆಯಲ್ಲಿ ಯಾರಾದರೂ ಚಾವಿ ಎಲ್ಲಿ ಎಂದು ಕೇಳಿದರೆ ನನಗೆ ಆ ರಾತ್ರಿ ನೆನಪಾಗುತ್ತೆ.

ಹಾಗಾಗಿ ಪುಟ್ಟಿ, ಹೊರಡುವ ಮೊದಲೇ ನೀವಿಬ್ಬರೂ ಕೂತು ಮಾತಾಡಿಕೊಳ್ಳಿ. ಇಬ್ಬರ ಹತ್ತಿರವೂ ಒಂದೊಂದು ಚಾವಿ ಇರಲಿ. ಹಾಸ್ಟೆಲ್ಲಿನ ವಿಳಾಸವನ್ನು ಕಾಗದದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಒಬ್ಬಳು ಸಾಕು ಅಂದರೆ ಇನ್ನೊಬ್ಬಳಿಗೂ ಸಾಕು, ಆ ರಾತ್ರಿಗೆ. ವಾದ ಮಾಡುವುದಿದ್ದರೆ ರೂಮಿಗೆ ಬಂದು ಬಾಗಿಲು ಹಾಕಿ ಮಾಡಿ. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದೇ. ಉಳಿದದ್ದು ಮರೆತರೂ ಇದನ್ನು ಮರೆಯಬೇಡ.

ಗುಂಪಿನಲ್ಲಿ ಕೈತಪ್ಪಿದರೆ ಏನು ಮಾಡಬೇಕು ಅನ್ನುವುದನ್ನು ನಿನ್ನ ಅಜ್ಜಿ ನಮಗೆ ಕೋಟೇಶ್ವರದ ಕೊಡಿ ಹಬ್ಬದ ಜಾತ್ರೆಯಲ್ಲಿ ಕಲಿಸಿದ್ದಳು. "ತಪ್ಪಿಸಿಕೊಂಡರೆ ಹುಡುಕಿಕೊಂಡು ಅಲೆಯಬೇಡಿ. ಕೆರೆಯ ಮೆಟ್ಟಿಲ ಹತ್ತಿರ ಹೋಗಿ ನಿಲ್ಲಿ, ನಾನೇ ಬರ್ತೇನೆ" ಅನ್ನುತ್ತಿದ್ದಳು. ಅಲ್ಲೂ ಹಾಗೇ ಮಾಡಿ. ಮೆರವಣಿಗೆಯ ದಾರಿಯಿಂದ ಎರಡು ಬೀದಿ ಒಳಗೆ, ಬೆಳಕಿರುವ ಒಂದು ಔಷಧಿ ಅಂಗಡಿಯನ್ನೋ ಪೆಟ್ರೋಲ್ ಬಂಕನ್ನೋ ಹಗಲಲ್ಲೇ ನೋಡಿಟ್ಟುಕೊಳ್ಳಿ. ಬಾರಾದ ದೀಪಸ್ತಂಭ ಸುಲಭದ ಗುರುತು ಅಂತ ಅನ್ನಿಸುತ್ತೆ. ಆದರೆ ಊರೇ ಅಲ್ಲಿ ಸೇರಿರುತ್ತದೆ, ಅದು ಬೇಡ.

ಈಗ ಕಾರ್ನಿವಲ್ ವಿಷಯ. ನೀನು ಬರೀ ಕುಣಿತ, ಬಣ್ಣ ಅಂದುಕೊಂಡು ಹೋಗಬೇಡ. ಅದು ಯಾರ ಹಬ್ಬ ಅನ್ನುವುದು ಗೊತ್ತಿದ್ದರೆ ಕಾಣುವುದೇ ಬೇರೆ. ಸಾಲ್ವಡಾರ್ 1549ರಿಂದ 1763ರವರೆಗೆ ಬ್ರೆಜಿಲ್‌ನ ರಾಜಧಾನಿ. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಹಡಗುಗಳಿಂದ ಇಳಿಸಿ ಮಾರಿದ ಊರು. ನೀವು ಫೋಟೋ ತೆಗೆಯಲು ಹೋಗುವ ಪೆಲೊರಿನ್ಯೊ, ಆ ಬಣ್ಣಬಣ್ಣದ ಹಳೇ ಮನೆಗಳ ಚೌಕ, ಅದರ ಹೆಸರಿನ ಅರ್ಥವೇ ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ. ಗುಲಾಮಗಿರಿ ಅಲ್ಲಿ ನಿಂತದ್ದು 1888ರಲ್ಲಿ. ಆಮೇಲೂ ಕಪ್ಪು ಜನರನ್ನು ಕಾರ್ನಿವಲ್‌ನ ದೊಡ್ಡ ಕೂಟಗಳು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ 1974ರಲ್ಲಿ ಲಿಬರ್ದಾದೆ ಬಡಾವಣೆಯವರು ಇಲೆ ಅಯೆ ಎಂಬ ತಮ್ಮದೇ ಕೂಟ ಕಟ್ಟಿದರು. ಕಾರ್ನಿವಲ್‌ನ ಶನಿವಾರ ರಾತ್ರಿ ಅವರು ಬಿಳಿ ಪಾರಿವಾಳ ಹಾರಿಸಿ ತಮ್ಮ ಬೀದಿಯಿಂದ ಹೊರಡುತ್ತಾರೆ. ಆ ಡೋಲುಗಳ ಸದ್ದು ಎದೆಯೊಳಗೇ ಬಡಿದ ಹಾಗಿರುತ್ತದೆ. ನಾನು ಅವತ್ತು ಬಾರಾದಲ್ಲಿ ಜಗಳವಾಡುವ ಬದಲು ಅಲ್ಲಿ ನಿಂತಿರಬೇಕಿತ್ತು.

ಭಾನುವಾರ ಮಧ್ಯಾಹ್ನ ಬೇರೆ ಎಲ್ಲಾ ಬಿಟ್ಟು ಪೆಲೊರಿನ್ಯೊಗೆ ಹೋಗಿ. ಬಿಳಿ ಬಟ್ಟೆ, ತಲೆಗೆ ಬಿಳಿ ಟವೆಲ್‌ನ ಮುಂಡಾಸು, ಕೊರಳಲ್ಲಿ ನೀಲಿ ಬಿಳಿ ಮಣಿಸರ ಹಾಕಿಕೊಂಡ ಸಾವಿರಾರು ಗಂಡಸರು ಬರುತ್ತಾರೆ. ಅವರ ಕೂಟದ ಹೆಸರು ಫಿಲ್ಯೋಸ್ ದೆ ಗಾಂಧಿ. ಅಂದರೆ ಗಾಂಧಿಯ ಮಕ್ಕಳು. ನಮ್ಮ ಗಾಂಧೀಜಿಯೇ. ಅವರು ತೀರಿಕೊಂಡ ಮರುವರ್ಷ, 1949ರಲ್ಲಿ, ಸಾಲ್ವಡಾರ್ ಬಂದರಿನ ಹಮಾಲಿಗಳು ಇದನ್ನು ಶುರು ಮಾಡಿದರು. ದಿನವಿಡೀ ಮೂಟೆ ಹೊರುವ ಜನ, ಸಮುದ್ರದ ಆಚೆ ಕೊಲೆಯಾದ ಒಬ್ಬ ಮುದುಕನ ಹೆಸರಿಟ್ಟುಕೊಂಡು ಶಾಂತಿ ಬೇಕು ಎಂದು ಬೀದಿಗೆ ಇಳಿದರು. ಅವರ ಮೆರವಣಿಗೆಯಲ್ಲಿ ಆನೆಯ ಬೊಂಬೆ ಇರುತ್ತೆ, ಒಂಟೆಯ ಬೊಂಬೆ ಇರುತ್ತೆ. ಜನರ ಮೇಲೆ ಲ್ಯಾವೆಂಡರ್ ಪನ್ನೀರು ಚಿಮುಕಿಸುತ್ತಾರೆ. ತಾಳ ನಿಧಾನ, ಟ್ರಿಯೊಗಳ ಅಬ್ಬರ ಇಲ್ಲ. ನಾನು ಅಳು ತಡೆಯಲು ಆಗದೆ ನಿಂತಿದ್ದೆ. ಪಕ್ಕದ ಅಜ್ಜಿಯೊಬ್ಬಳು ಎಲ್ಲಿಯವಳು ಎಂದು ಕೇಳಿ, ಇಂಡಿಯಾ ಅಂದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡಳು.

ಆದರೆ ಒಂದು ಮಾತು ನೇರವಾಗಿ ಹೇಳ್ತೇನೆ. ಅದೇ ಮಣಿಸರವನ್ನು ಹುಡುಗಿಯರ ಕೊರಳಿಗೆ ಹಾಕಿ ಬದಲಿಗೆ ಒಂದು ಚುಂಬನ ಕೇಳುವ ರೂಢಿ ಅಲ್ಲಿದೆ. ಸರ ಬೇಕಿದ್ದರೆ ತಗೋ, ಬೇಡವಾದರೆ ತಲೆಯಾಡಿಸಿ "ನಾವ್" ಅನ್ನು, ಪೋರ್ಚುಗೀಸ್‌ನಲ್ಲಿ ಇಲ್ಲ ಅಂತ ಅರ್ಥ. ಬೇಡ ಅನ್ನುವುದು ಅಲ್ಲಿನ ಹುಡುಗಿಯರೇ ಗಟ್ಟಿಯಾಗಿ ಹೇಳುವ ಮಾತು. ಒಪ್ಪಿಗೆ ಇಲ್ಲದೆ ಮುಟ್ಟುವುದು, ಎಳೆದು ಮುತ್ತು ಕೊಡುವುದು 2018ರ ಕಾನೂನಿನ ಪ್ರಕಾರ ಜೈಲಾಗುವ ಅಪರಾಧ. ಹೊಸ ಊರು, ಅವರ ಸಂಪ್ರದಾಯ ಎಂದು ಸುಮ್ನೆ ಸಹಿಸಿಕೊಳ್ಳಬೇಡ. ಪೊಲೀಸರಿಗೆ 190, ಆಂಬುಲೆನ್ಸ್‌ಗೆ 192, ಹೆಂಗಸರ ಸಹಾಯಕ್ಕೆ 180. ಬರೆದಿಟ್ಟುಕೋ.

ಟ್ರಿಯೊ ಸುತ್ತ ಒಂದು ದಪ್ಪ ಹಗ್ಗ ಇರುತ್ತೆ. ಅಬಡಾ ಎಂಬ ಬನಿಯನ್ ಕೊಂಡವರು ಹಗ್ಗದ ಒಳಗೆ, ಕೊಳ್ಳದವರು ಹೊರಗೆ. ಹೊರಗಿನವರಿಗೆ ಪಿಪೊಕ ಅಂತ ಹೆಸರು, ಬಾಣಲೆಯ ಪಾಪ್‌ಕಾರ್ನ್ ಹಾಗೆ ಎಗರಾಡುತ್ತಾರಲ್ಲ, ಅದಕ್ಕೆ. ಹಗ್ಗ ಹಿಡಿಯುವವರು ದಿನಗೂಲಿಯವರು. ಗಂಡಸರೂ ಇರುತ್ತಾರೆ, ಹೆಂಗಸರೂ ಇರುತ್ತಾರೆ, ಹೆಚ್ಚಿನವರು ಕಪ್ಪು ಜನ. ಗಂಟೆಗಟ್ಟಲೆ ಗುಂಪಿನ ಒತ್ತಡವನ್ನೆಲ್ಲಾ ತಮ್ಮ ಮೈಮೇಲೆ ತಗೋತಾರೆ. ನಾವು ಒಂದು ದಿನ ಅಬಡಾ ಕೊಂಡು ಒಳಗೆ ಇದ್ದೆವು. ಜಾಗ ಇತ್ತು, ಭಯ ಇರಲಿಲ್ಲ. ಆದರೆ ನನ್ನಷ್ಟೇ ವಯಸ್ಸಿನ ಒಬ್ಬಳು ಹಗ್ಗ ಹಿಡಿದು ನನಗೆ ಬೆನ್ನು ಹಾಕಿ ನಡೆಯುತ್ತಿದ್ದಳು. ಅವಳ ಅಂಗೈ ಕಂಡ ಮೇಲೆ ನನಗೆ ಕಾಲು ಏಳಲಿಲ್ಲ. ನೀನು ಅಬಡಾ ಕೊಳ್ಳಬೇಡ ಎಂದು ಹೇಳುವುದಿಲ್ಲ. ಇಬ್ಬರೇ ಹುಡುಗಿಯರಿಗೆ ರಾತ್ರಿ ಹೊತ್ತು ಅದು ಜಾಸ್ತಿ ಸುರಕ್ಷಿತ. ಕೊಂಡರೆ ಆ ಹಗ್ಗ ಹಿಡಿದವರಿಗೆ ಒಂದು ಬಾಟಲಿ ತಣ್ಣೀರು ಕೊಡು. ಖಾಲಿ ಡಬ್ಬಿಗಳನ್ನು ಆಯುವ ಮುದುಕಿಯರೂ ಇರುತ್ತಾರೆ. ಡಬ್ಬಿಯನ್ನು ನೆಲಕ್ಕೆ ಎಸೆಯದೆ ಅವರ ಕೈಗೇ ಕೊಡು.

ದುಡ್ಡಿನ ವಿಷಯ ಬೇಗ ಮುಗಿಸ್ತೇನೆ. ನಮ್ಮ ಯುಪಿಐ ಹಾಗೆ ಅಲ್ಲಿ ಪಿಕ್ಸ್ ಬಂದಿದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಅಲ್ಲಿನ ಬ್ಯಾಂಕ್ ಖಾತೆ ಬೇಕು, ಅದನ್ನೇ ನಂಬಿ ಹೋಗಬೇಡಿ. ಕಾರ್ಡೂ ಸ್ವಲ್ಪ ನಗದೂ ಇಟ್ಟುಕೊಳ್ಳಿ. ಊಟ, ಬಸ್ಸು, ನೀರಿಗೆ ಇಬ್ಬರದೂ ಸೇರಿ ಒಂದೇ ಪರ್ಸ್ ಮಾಡಿ. ಸಮ ಹಾಕಿ, ಖಾಲಿಯಾದರೆ ಮತ್ತೆ ಸಮ ಹಾಕಿ. ದಿನಾ ರಾತ್ರಿ ಲೆಕ್ಕ ಬರೆದರೆ ಸ್ನೇಹ ಹುಳಿಯಾಗುತ್ತೆ. ಚಿನ್ನ ಒಂದು ಚೂರೂ ಬೇಡ, ಕಿವಿಯದ್ದೂ ಬಿಚ್ಚಿಡು. ಕಾಲಿಗೆ ಚಪ್ಪಲಿ ಬೇಡ, ಶೂ ಹಾಕು. ಕೈಗೆ ಬಣ್ಣದ ರಿಬ್ಬನ್ ಕಟ್ಟಲು ಬರುತ್ತಾರೆ. ಅದು ಬೊನ್ಫಿಂ ಚರ್ಚಿನದ್ದು, ಮೂರು ಗಂಟು, ಒಂದೊಂದಕ್ಕೆ ಒಂದೊಂದು ಹರಕೆ. ಸುಮ್ನೆ ಕಟ್ಟಿ ಆಮೇಲೆ ದುಡ್ಡು ಕೇಳುವವರೂ ಇದ್ದಾರೆ. ಚರ್ಚಿಗೇ ಹೋಗಿ ನಿಮ್ಮ ಕೈಯಾರೆ ಒಬ್ಬರಿಗೊಬ್ಬರು ಕಟ್ಟಿಕೊಳ್ಳಿ.

ನಿನ್ನ ಊಟದ ಚಿಂತೆ ಅಕ್ಕನಿಗೆ ಜಾಸ್ತಿ. ಅವಳಿಗೆ ಅಕರಜೆ ಬಗ್ಗೆ ಹೇಳಿದ್ದೇನೆ. ಬಿಳಿ ಲಂಗ, ಬಿಳಿ ರುಮಾಲಿನ ಹೆಂಗಸರು ಬೀದಿ ಮೂಲೆಯಲ್ಲಿ ಕೂತು ಕರಿಯುತ್ತಿರುತ್ತಾರೆ. ಅಲಸಂದೆ ಕಾಳು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಹಾಕಿ ರುಬ್ಬಿ, ದೆಂದೆ ಎಂಬ ಕೆಂಪು ತಾಳೆ ಎಣ್ಣೆಯಲ್ಲಿ ಬಿಡುತ್ತಾರೆ. ನಮ್ಮ ಅಲಸಂದೆ ವಡೆಯ ಅಕ್ಕನೋ ತಂಗಿಯೋ ಅನ್ನಬೇಕು. ಆಫ್ರಿಕಾದ ಯೊರುಬಾ ಜನ ತಂದ ತಿಂಡಿ ಅದು. "ಬಿಸಿಯಾ, ತಣ್ಣಗಾ?" ಎಂದು ಕೇಳಿದರೆ ಖಾರ ಬೇಕಾ ಬೇಡವಾ ಎಂದು ಅರ್ಥ. ಒಳಗೆ ತುಂಬುವುದರಲ್ಲಿ ಒಣ ಸಿಗಡಿ ಇರುತ್ತೆ, ನೀನು ತಿನ್ನುತ್ತೀಯ, ನಿನ್ನ ಗೆಳತಿ ತಿನ್ನದಿದ್ದರೆ ಮೊದಲೇ ಹೇಳಬೇಕು. ಗೇರುಹಣ್ಣಿನ ರಸ ಸಿಕ್ಕರೆ ಕುಡಿಯಿರಿ. ನಮ್ಮ ಗುಡ್ಡದ ಗೇರು ಪೋರ್ಚುಗೀಸರ ಹಡಗು ಹತ್ತಿ ಬಂದದ್ದು ಅಲ್ಲಿಂದಲೇ. ಇಲ್ಲಿನ ಹಲಸು ಅಲ್ಲಿಗೆ ಹೋಗಿ 'ಜಾಕಾ' ಆಗಿದೆ.

ಕಾರ್ನಿವಲ್ ಮುಗಿದ ಬುಧವಾರ ನಾವು ಮೊರೊ ದೆ ಸಾವೊ ಪೌಲೊ ಎಂಬ ದ್ವೀಪದ ಊರಿಗೆ ಹೋದೆವು. ನೀವೂ ಅಲ್ಲಿಗೇ ಅಂತ ಅಕ್ಕ ಹೇಳಿದಳು. ಜಗಳ ಆಗಿ ನಾಲ್ಕು ದಿನ, ಬೇಕಾದಷ್ಟೇ ಮಾತು. ದೋಣಿ ತೆರೆದ ಕಡಲಲ್ಲಿ ಎರಡು ಗಂಟೆಗೂ ಹೆಚ್ಚು ಕುಣಿಯಿತು. ಕಡಲ ಬದಿ ಹುಟ್ಟಿದ ನನಗೇ ವಾಂತಿ ನಿಲ್ಲಲಿಲ್ಲ. ಅವಳು ಎದ್ದು ಬಂದು, ಒಂದು ಮಾತೂ ಆಡದೆ, ನನ್ನ ಕೂದಲು ಹಿಂದಕ್ಕೆ ಹಿಡಿದು ಹಣೆ ಒತ್ತುತ್ತಾ ಕೂತಳು. ಇಳಿದ ಮೇಲೆ ದಂಡೆಯಲ್ಲೇ ನಿಂತು ಅವಳ ಕ್ಷಮೆ ಕೇಳಿದೆ. ನೀವು ದೋಣಿ ಹತ್ತುವ ಮೊದಲು ಮಾತ್ರೆ ತಗೊಳ್ಳಿ. ಅದೂ ಬೇಡವಾದರೆ ವಾಲೆನ್ಸ ಎಂಬ ಊರಿನವರೆಗೆ ಬಸ್ಸಲ್ಲಿ ಹೋಗಿ, ಅಲ್ಲಿಂದ ಸಣ್ಣ ದೋಣಿ ಇದೆ.

ಆ ಊರಿನ ಬೀದಿಯಲ್ಲಿ ಕಾರಿಲ್ಲ. ತಳ್ಳುಗಾಡಿಯವರು ಸಾಮಾನು ಸಾಗಿಸುತ್ತಾರೆ. ಬೀಚುಗಳಿಗೆ ಒಂದನೆಯದು, ಎರಡನೆಯದು ಎಂದೇ ಹೆಸರು. ಗಲಾಟೆ ಎಲ್ಲಾ ಎರಡನೆಯದರಲ್ಲಿ. ನೀವು ನಾಲ್ಕನೆಯದರವರೆಗೆ ನಡೆಯಿರಿ. ನೀರು ಇಳಿದಾಗ ಬಂಡೆಗಳ ನಡುವೆ ಮೊಣಕಾಲು ಆಳದ ಹೊಂಡಗಳು, ಒಳಗೆ ಸಣ್ಣ ಮೀನುಗಳು. ಭರತ ಇಳಿತದ ಹೊತ್ತು ಕೇಳಿಕೊಂಡೇ ಹೋಗಿ. ಮರವಂತೆಯ ಕಡಲು ನೋಡಿ ಬೆಳೆದ ನಿನಗೆ ನೀರಿನ ಸೆಳೆತ ಹೊಸದಲ್ಲ. ಆದರೆ ನಿನ್ನ ಗೆಳತಿ ಹುಬ್ಬಳ್ಳಿಯವಳು ಅಲ್ವಾ? ಅವಳನ್ನು ಬಿಟ್ಟು ಆಳಕ್ಕೆ ಹೋಗಬೇಡ. ಕುಡಿದಿದ್ದರೆ ಇಬ್ಬರೂ ನೀರಿಗೆ ಇಳಿಯಬೇಡಿ.

ವಾಪಸ್ ಬರುವ ಮುಂಚೆ ಸಾಲ್ವಡಾರ್‌ನ ಪೋರ್ಟೊ ದ ಬಾರಾ ಬೀಚಿನಲ್ಲಿ ಒಂದು ಸಂಜೆ ಕೂತಿರಿ. ಆ ದೇಶದ ಕಡಲು ಹೆಚ್ಚಿನ ಕಡೆ ಪೂರ್ವಕ್ಕೆ, ಅಲ್ಲೆಲ್ಲಾ ಸೂರ್ಯ ಮುಳುಗುವುದು ನೆಲದ ಮೇಲೆ. ಈ ಪುಟ್ಟ ಬೀಚು ಕೊಲ್ಲಿಯ ಕಡೆ ತಿರುಗಿದೆ. ಅಲ್ಲಿ ನಮ್ಮೂರಿನ ಹಾಗೇ ಸೂರ್ಯ ನೀರಿಗೆ ಇಳಿಯುತ್ತಾನೆ.

ಇನ್ನು ಎರಡು ಕೆಲಸ ಈಗಲೇ ಮಾಡು. ವೀಸಾಕ್ಕೆ ಹಾಕು. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮುಂಚೆಯಾದರೂ ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೋ. ಲಸಿಕೆ ಹಾಕಿಸಿಕೊಂಡದ್ದಕ್ಕೆ ಅಲ್ಲಿ ಕೊಡುವ ಹಳದಿ ಪುಸ್ತಕ ಇಲ್ಲದೆ ಬ್ರೆಜಿಲ್‌ನಿಂದ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಬೇರೆ ಇಡಬಹುದು. 2027ರಲ್ಲಿ ಕಾರ್ನಿವಲ್ ಫೆಬ್ರವರಿ 4ರ ಗುರುವಾರವೇ ಶುರು, 9ಕ್ಕೆ ಮುಗಿಯುತ್ತೆ. ಎರಡು ದಿನ ಮುಂಚೆ ಮುಟ್ಟಿದರೆ ಫೆಬ್ರವರಿ 2ರಂದು ರಿಯೊ ವೆರ್ಮೆಲ್ಯೊದಲ್ಲಿ ಕಡಲ ತಾಯಿ ಇಯೆಮಾಂಜಾಳ ಹಬ್ಬ ಸಿಗುತ್ತೆ. ಬೆಸ್ತರು ಹೂವಿನ ಬುಟ್ಟಿಗಳನ್ನು ದೋಣಿಯಲ್ಲಿ ಒಯ್ದು ನೀರಿಗೆ ಬಿಡುತ್ತಾರೆ.

ಅಕ್ಕನ ಹತ್ತಿರ ನಾನು ಮಾತಾಡ್ತೇನೆ, ಆ ಚಿಂತೆ ಬಿಡು. ಹೊರಡುವ ಮೊದಲು ಒಂದು ಶನಿವಾರ ಗೆಳತಿಯನ್ನು ಕರೆದುಕೊಂಡು ಇಲ್ಲಿಗೆ ಬಾ. ನಾನು ಅವಳನ್ನು ನೋಡಬೇಕು. ಬರುವ ದಿನ ತಿಳಿಸು, ಹಿಂದಿನ ರಾತ್ರಿ ಅಲಸಂದೆ ನೆನೆಹಾಕಿರುತ್ತೇನೆ.

ನಿನ್ನ
ಚಿಕ್ಕಮ್ಮ