ಫಿಟ್ಸ್ ಗುಳಿಗೆ ಜೊತೆ ಒಂದು ಚೀಟಿಯನ್ನೂ ಕೊಡಿ: ಗೋವಾ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ವಾಸ್ಕೋದ ಬೈನಾದಲ್ಲಿ ಇರುವವಳು. ಊರು ಗದಗ ಕಡೆ. ನಮ್ಮ ಓಣಿಯಲ್ಲಿ ಕನ್ನಡವೇ ಜಾಸ್ತಿ. ಕಟ್ಟಡ ಕೆಲಸದವರು, ಮನೆಗೆಲಸದವರು, ಬಂದರಿನಲ್ಲಿ ದುಡಿಯುವವರು. ನಮ್ಮಲ್ಲಿ ಫಿಟ್ಸ್ ಇರುವವರಿಗೆ ಗುಳಿಗೆ ಸಿಗುತ್ತಿದೆ, ಅದು ದೊಡ್ಡ ಉಪಕಾರ. ಆದರೆ ಗುಳಿಗೆ ಜೊತೆ ಹೇಳಬೇಕಾದ ಮಾತು ಸಿಗುತ್ತಿಲ್ಲ.

ನನ್ನ ತಂಗಿಗೆ 17ನೇ ವಯಸ್ಸಿನಿಂದ ಮೂರ್ಛೆ ರೋಗ. ವಾಲ್ಪ್ರೊಯೇಟ್ ಅನ್ನುವ ಫಿಟ್ಸ್ ಗುಳಿಗೆ ತಗೊಂಡು ಚೆನ್ನಾಗಿಯೇ ಇದ್ದಳು. ಮದುವೆಯೂ ಆಯಿತು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತು, ಅರ್ಧಂಬರ್ಧ ತಿಳಿಯುವ ಹಿಂದಿಯಲ್ಲಿ ಎರಡು ಮಾತು ಕೇಳಿಸಿಕೊಂಡು ಪೊಟ್ಟಣ ಹಿಡಿದು ಬರುತ್ತಿದ್ದಳು. ಈ ಗುಳಿಗೆ ಬಸಿರಿನಲ್ಲಿ ಮಗುವಿಗೆ ತೊಂದರೆ ಮಾಡಬಹುದು, ಮಗು ಬೇಕು ಅನ್ನಿಸಿದರೆ ಮೊದಲೇ ಬಂದು ಹೇಳಮ್ಮ ಅಂತ ಆರು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ಬಸಿರಾದಾಗ ಹೇಳಿದ್ದು ಪಕ್ಕದ ಮನೆಯವರು. ಹೆದರಿ ಆ ರಾತ್ರಿಯೇ ಗುಳಿಗೆ ಬಿಟ್ಟಳು.

ನಾಲ್ಕನೇ ದಿನ ಬೆಳಿಗ್ಗೆ ನಲ್ಲಿ ಹತ್ತಿರ ಬಿದ್ದಳು. ಫಿಟ್ಸ್ ನಿಲ್ಲಲೇ ಇಲ್ಲ. ಒಬ್ಬರು ಕೈಗೆ ಕಬ್ಬಿಣ ಕೊಟ್ಟರು, ಒಬ್ಬರು ಚಪ್ಪಲಿ ಮೂಸಿಸಿದರು, ಇನ್ನೊಬ್ಬರು ಬಾಯಿಗೆ ಚಮಚ ತುರುಕಿ ಹಲ್ಲು ಮುರಿಯಿತು. 108 ಬಂದ ಮೇಲೆ ಉಳಿದಳು. ಮಗುವೂ ಉಳಿಯಿತು. ಅವತ್ತು ನಾನು ಆಸ್ಪತ್ರೆ ಹೊರಗೆ ಕೂತು ಅತ್ತಿದ್ದು ಈಗಲೂ ಮರೆತಿಲ್ಲ.

ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ಬಸಿರಿನಲ್ಲಿ ವಾಲ್ಪ್ರೊಯೇಟ್ ತಗೊಂಡ ತಾಯಂದಿರ ಮಕ್ಕಳಲ್ಲಿ ಸುಮಾರು 10ರಲ್ಲಿ ಒಂದಕ್ಕೆ ಹುಟ್ಟುವಾಗಲೇ ದೋಷ ಇರಬಹುದು, 10ರಲ್ಲಿ ಮೂರು ನಾಲ್ಕು ಮಕ್ಕಳಿಗೆ ಕಲಿಕೆ, ಬೆಳವಣಿಗೆಯಲ್ಲಿ ಹಿನ್ನಡೆ ಆಗಬಹುದು. ಆದರೆ ಅದು ಅರ್ಧ ಮಾತು. ಉಳಿದರ್ಧ, ತಟ್ಟನೆ ಬಿಡಬಾರದು ಎನ್ನುವುದು. ತಟ್ಟನೆ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಜೀವವೇ ಹೋಗಬಹುದು. ಮೊದಲೇ ಹೇಳಿದ್ದರೆ ಡಾಕ್ಟರು ಲೆವೆಟಿರಾಸಿಟಾಮ್ ತರಹದ ಬೇರೆ ಗುಳಿಗೆಗೆ ನಿಧಾನವಾಗಿ ಬದಲಾಯಿಸಬಹುದಿತ್ತು, ಫೋಲಿಕ್ ಆಸಿಡ್ ಶುರು ಮಾಡಬಹುದಿತ್ತು. ಎರಡೂ ಅರ್ಧ ಒಟ್ಟಿಗೇ ಸಿಗಬೇಕು, ಅದೂ ಅವಳಿಗೆ ತಿಳಿಯುವ ಭಾಷೆಯಲ್ಲಿ, ಅಲ್ವಾ?

ಬಸಿರಿನ ಮಾತು ಮಾತ್ರ ಅಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್, ಲಾಮೋಟ್ರಿಜಿನ್ ಅನ್ನುವ ಫಿಟ್ಸ್ ಗುಳಿಗೆ ಶುರುವಾದ ಮೊದಲ ವಾರಗಳಲ್ಲಿ ಮೈಮೇಲೆ ಗುಳ್ಳೆ ಎದ್ದರೆ, ಬಾಯಿ ಹುಣ್ಣಾದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಚರ್ಮವೇ ಸುಲಿದು ಹೋಗುವ ಅಪಾಯ ಅದು. ಇಲ್ಲಿಯ ಸೆಕೆಗೆ ನಮ್ಮವರು ಬೆವರುಸಾಲೆ ಅಂದುಕೊಂಡು ಪೌಡರ್ ಹಚ್ಚಿ ಸುಮ್ನೆ ಇರುತ್ತಾರೆ. ಹೊಸ ಗುಳಿಗೆ ಶುರುವಾದಾಗ, ಡೋಸ್ ಏರಿಸಿದಾಗ ಮಂಪರು ಬರುತ್ತದೆ, ತಲೆ ಸುತ್ತುತ್ತದೆ, ಒಂದು ಎರಡಾಗಿ ಕಾಣುತ್ತದೆ. ಅಂಥವರು ಮೂರನೇ ಮಹಡಿಯ ಹಲಗೆ ಮೇಲೆ ನಿಂತು ಗಾರೆ ಹಚ್ಚುತ್ತಿರುತ್ತಾರೆ. ಲೆವೆಟಿರಾಸಿಟಾಮ್‌ನಿಂದ ಕೆಲವರಿಗೆ ವಿಪರೀತ ಸಿಟ್ಟು, ಬೇಸರ. ಮನೆಯವರು ಅದನ್ನು ಗುಣವೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಜಾತ್ರೆಗೆ ಊರಿಗೆ ಹೋದಾಗ ಗುಳಿಗೆ ಮುಗಿದುಬಿಡುವುದಂತೂ ನಮ್ಮ ಓಣಿಯಲ್ಲಿ ಪ್ರತಿ ವರ್ಷದ ಕಥೆ.

ನಾನು ಕೇಳುವುದು ದೊಡ್ಡದೇನಲ್ಲ. ಫಿಟ್ಸ್ ಗುಳಿಗೆಯ ಪ್ರತಿ ಪೊಟ್ಟಣದ ಜೊತೆ ಒಂದು ಚೀಟಿ ಬರಲಿ, ಕೊಂಕಣಿ, ಮರಾಠಿ, ಹಿಂದಿ, ಕನ್ನಡದಲ್ಲಿ. ಓದಲು ಬಾರದವರಿಗೆ ನರ್ಸ್ ಒಬ್ಬರು ಓದಿ ಹೇಳಲಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ ಎನ್ನುವುದೂ ಅದರಲ್ಲಿರಲಿ. ಊರಿಗೆ ಹೋಗುವವರಿಗೆ ಎರಡು ತಿಂಗಳ ಗುಳಿಗೆ ಕೊಡಿ. ಆದಷ್ಟು ಒಂದೇ ಕಂಪನಿಯದೇ ಕೊಡಿ. ಗುಳಿಗೆಯ ಬಣ್ಣ ಬದಲಾದರೆ ನಮ್ಮವರು ಬೇರೆ ಔಷಧಿ ಅಂದುಕೊಂಡು ಎರಡನ್ನೂ ನುಂಗಿದ್ದನ್ನು ನಾನೇ ನೋಡಿದ್ದೇನೆ.

ನವೆಂಬರ್ 17 ರಾಷ್ಟ್ರೀಯ ಅಪಸ್ಮಾರ (ಮೂರ್ಛೆ ರೋಗ) ದಿನ. ಅಷ್ಟರೊಳಗೆ ಚೀಟಿ ತಯಾರಾದರೆ ಎಷ್ಟು ಒಳ್ಳೆಯದು. ಕನ್ನಡದ್ದನ್ನು ನಾನೇ ಬರೆದುಕೊಡುತ್ತೇನೆ. ನಿಮ್ಮ ಡಾಕ್ಟರೊಬ್ಬರು ಓದಿ ಸರಿಯಿದೆ ಎಂದರೆ ಸಾಕು.

ಇಂತಿ,
ಬೈನಾದ ಒಬ್ಬ ಅಕ್ಕ